ಹಳೆಯ ಪಿಕಪ್ಪಿನ ರಿಪೇರಿ ಮನೆಯಂಗಳದಲ್ಲೇ: ನನ್ನ ಅನುಭವ

ನಮ್ಮ ತೋಟ ಇರುವುದು ಸಕಲೇಶಪುರದ ಸೀಮೆಯಲ್ಲಿ. ಕಾಫಿ ಚೀಲ, ಗೊಬ್ಬರ, ಮೆಣಸಿನ ಬಳ್ಳಿಗೆ ಬೇಕಾದ ಗೂಟ, ಸೌದೆ, ಕೆಲವೊಮ್ಮೆ ಕೆಟ್ಟುಹೋದ ಪಂಪ್‌ಸೆಟ್ಟು, ಹೀಗೆ ಎಲ್ಲವನ್ನೂ ಹೊತ್ತು ತಿರುಗುವುದು 2006ರ ಮಹೀಂದ್ರ ಬೊಲೆರೊ ಪಿಕಪ್. ಅದರದ್ದು 2523 ಸಿಸಿಯ, ಕಂಪ್ಯೂಟರ್ ನಿಯಂತ್ರಿಸುವ ಕಾಮನ್ ರೈಲ್ ಪದ್ಧತಿ ಬರುವುದಕ್ಕೆ ಮೊದಲಿನ, ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಡಿಐ ಎಂಜಿನ್. ಎಂಜಿನ್ನನ್ನು ನಡೆಸಲು ಕಂಪ್ಯೂಟರ್ ಇಲ್ಲ, ಸೆನ್ಸರುಗಳ ಗೋಜಲು ಇಲ್ಲ. ಡೀಸೆಲ್, ಗಾಳಿ, ಒತ್ತಡ ಈ ಮೂರು ಸರಿಯಾಗಿದ್ದರೆ ಎಂಜಿನ್ ಹತ್ತಲೇಬೇಕು. ಹಾಗಾಗಿಯೇ ಇಂತಹ ಗಾಡಿಯ ಬಹುಪಾಲು ಕೆಲಸವನ್ನು ಮಾಲೀಕನೇ ಮಾಡಿಕೊಳ್ಳಬಹುದು ಎಂದು ನಾನು ನಂಬಿದ್ದೇನೆ ಮತ್ತು ಹಲವು ವರ್ಷಗಳಿಂದ ಹಾಗೆಯೇ ಮಾಡಿಕೊಂಡು ಬಂದಿದ್ದೇನೆ. ಆದರೆ ಕೈ ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕು. ಡೀಸೆಲ್ ಪಂಪಿನ ಒಳಭಾಗ, ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಝಲ್, ಗೇರ್‌ಬಾಕ್ಸಿನ ಒಳಭಾಗ ಮತ್ತು ಚಾಸಿಯ ವೆಲ್ಡಿಂಗ್, ಈ ನಾಲ್ಕನ್ನು ನಾನು ಮುಟ್ಟುವುದಿಲ್ಲ.

ಪಂಪನ್ನು ಏಕೆ ಮುಟ್ಟಬಾರದೆಂದರೆ, ಡೀಸೆಲ್ಲನ್ನು ಒತ್ತುವ ಅದರ ಪ್ಲಂಜರಿಗೂ ಆ ಪ್ಲಂಜರ್ ಓಡಾಡುವ ಬ್ಯಾರಲ್ಲಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನಿನಷ್ಟು. ಅಂಗಳದ ಧೂಳಿನಲ್ಲಿ ಅದನ್ನು ಬಿಚ್ಚುವುದೆಂದರೆ ಕೈಯಾರೆ ಹಾಳುಮಾಡಿದಂತೆ. ನಾಝಲ್ಲಿನಿಂದ ಡೀಸೆಲ್ ಹೊರಡುವುದು 200 ಬಾರ್‌ಗೂ ಮೀರಿದ ಒತ್ತಡದಲ್ಲಿ; ಆ ಸಿಂಪಡಣೆಗೆ ಬೆರಳು ಒಡ್ಡಿದರೆ ಅದು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ನನ್ನ ಗಾಡಿಯ ಪಂಪಿನ ಮೇಲೆ ಇಂದಿಗೂ ಮೈಕೋ ಎಂಬ ಹೆಸರಿದೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಕಡೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಈಗಲೂ ಮೈಕೋ ಪಂಪೇ.

ಆ ಪಂಪಿನ ವಿಚಾರದಲ್ಲಿ ನಡೆದ ಒಂದು ಪ್ರಸಂಗವನ್ನು ವಿವರವಾಗಿ ಬರೆಯಬೇಕು, ಏಕೆಂದರೆ ಇದೇ ತೊಂದರೆಗೆ ಅನಗತ್ಯವಾಗಿ ಪಂಪ್ ಇಳಿಸಿ ದುಡ್ಡು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಒಂದು ಮಳೆಗಾಲದಲ್ಲಿ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಎಂಜಿನ್ ಹತ್ತುತ್ತಿತ್ತು, ಸ್ವಲ್ಪ ಹೊತ್ತು ತಡವರಿಸಿ ಆಮೇಲೆ ಸರಿಯಾಗುತ್ತಿತ್ತು, ಹಗಲಿಡೀ ಏನೂ ತೊಂದರೆ ಇರುತ್ತಿರಲಿಲ್ಲ. ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, "ಪಂಪ್ ಇಳಿಸ್ಲೇಬೇಕು ಸಾರ್, ಎಲಿಮೆಂಟು ಹೋಗಿದೆ" ಎಂದರು. ಎಲಿಮೆಂಟು ಎಂದರೆ ಆ ಪ್ಲಂಜರ್ ಮತ್ತು ಬ್ಯಾರಲ್ಲಿನ ಜೋಡಿ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಪ್ಲಂಜರ್ ಸವೆದಿದ್ದರೆ ಎಂಜಿನ್ ಬಿಸಿಯಾಗಿರುವಾಗ, ಡೀಸೆಲ್ ತೆಳುವಾದಾಗ, ಸ್ಟಾರ್ಟ್ ಆಗುವುದು ಇನ್ನಷ್ಟು ಕಷ್ಟವಾಗಬೇಕಿತ್ತು. ಇಲ್ಲಿ ಆಗುತ್ತಿದ್ದುದು ಅದಕ್ಕೆ ತದ್ವಿರುದ್ಧ. ರಾತ್ರಿಯೆಲ್ಲ ನಿಂತಾಗ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ಮರಳಿ ಇಳಿಯುತ್ತಿದೆ, ಎಂದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ ಎಂಬ ಗುಮಾನಿ ನನ್ನದು.

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಡೀಸೆಲ್ಲನ್ನು ಎಳೆದು ಮುಖ್ಯ ಪಂಪಿಗೆ ಕೊಡುವ ಸಣ್ಣ ಪಂಪು) ಪೈಪಿನಲ್ಲಿ ಡೀಸೆಲ್ ಹರಿಯುವುದು ಎಳೆತದಿಂದ. ಹಾಗಾಗಿ ಅಲ್ಲಿ ಸಣ್ಣ ರಂಧ್ರವಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿಯೇ ಒಳಗೆ ಹೋಗುತ್ತದೆ. ಫೀಡ್ ಪಂಪಿನಿಂದ ಮುಂದಕ್ಕೆ ಒತ್ತಡವಿರುವುದರಿಂದ ಅಲ್ಲಿ ದೋಷವಿದ್ದರೆ ಕಣ್ಣಿಗೆ ಕಾಣುವಂತೆ ಒದ್ದೆಯಾಗುತ್ತದೆ. ಈ ವ್ಯತ್ಯಾಸ ತಿಳಿದಿದ್ದರೆ ಹುಡುಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನಾನು ಮಾಡಿದ್ದಿಷ್ಟು: ಟ್ಯಾಂಕಿನ ಕಡೆಯ ಪೈಪನ್ನು ಫೀಡ್ ಪಂಪಿನಿಂದ ಬಿಡಿಸಿ, ಆ ಜಾಗಕ್ಕೆ ಡೀಸೆಲ್ ತಡೆದುಕೊಳ್ಳುವ ಒಂದು ಹೊಸ ಪಾರದರ್ಶಕ ಪೈಪು ಹಾಕಿ, ಅದರ ಇನ್ನೊಂದು ತುದಿಯನ್ನು ಸ್ವಚ್ಛ ಡೀಸೆಲ್ ತುಂಬಿದ ಕ್ಯಾನಿನಲ್ಲಿ ಇಳಿಬಿಟ್ಟೆ. ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈಪಂಪನ್ನು ಒತ್ತುತ್ತಾ, ನೊರೆ ನಿಂತು ಡೀಸೆಲ್ ಧಾರೆಯಾಗಿ ಬರುವ ಹೊತ್ತಿಗೆ ಸ್ಕ್ರೂ ಬಿಗಿದು, ಪಂಪಿನ ಸ್ಕ್ರೂನಲ್ಲೂ ಅದೇ ರೀತಿ ಏರ್ ತೆಗೆದೆ. ಮರುದಿನ ಬೆಳಿಗ್ಗೆ ಸೆಲ್ಫ್ ಮುಟ್ಟಿದ ಕೂಡಲೇ ಎಂಜಿನ್ ಹತ್ತಿತು. ಪಂಪು, ನಾಝಲ್ಲು ಎರಡೂ ಸರಿಯಾಗಿವೆ, ದೋಷವಿರುವುದು ಟ್ಯಾಂಕಿನ ಕಡೆಗೆ ಎಂಬುದು ಅಲ್ಲಿಗೆ ಖಚಿತವಾಯಿತು.

ಆಮೇಲೆ ಕ್ಯಾನನ್ನು ತೆಗೆದು, ಅದೇ ಪಾರದರ್ಶಕ ಪೈಪಿನ ಒಂದು ತುಂಡನ್ನು ಮೂಲ ಪೈಪಿನ ನಡುವೆ ಜೋಡಿಸಿ ಎಂಜಿನ್ ಓಡಿಸಿದಾಗ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಬರುವುದು ಕಂಡಿತು. ಜೋಡಣೆಗಳಲ್ಲಿದ್ದ ತಾಮ್ರದ ವಾಷರುಗಳನ್ನೆಲ್ಲ ಬದಲಿಸಿದರೂ ಗುಳ್ಳೆ ನಿಲ್ಲಲಿಲ್ಲ. (ಹೊಸ ವಾಷರ್ ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ಆರಿಸಿದರೆ ತಾಮ್ರ ಮೆತ್ತಗಾಗಿ ಮತ್ತೊಮ್ಮೆ ಚೆನ್ನಾಗಿ ಕೂರುತ್ತದೆ.) ಕೊನೆಗೆ ಗಾಡಿಯ ಅಡಿಗೆ ಮಲಗಿ, ಚಾಸಿಗೆ ಕಬ್ಬಿಣದ ಪೈಪನ್ನು ಹಿಡಿದಿದ್ದ ಕ್ಲಾಂಪುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋದೆ. ಎಡಭಾಗದ ಒಂದು ಕ್ಲಾಂಪಿನ ಅಡಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಅದನ್ನು ಕೆರೆದಾಗ ಪೈಪಿನ ಮೇಲ್ಮೈ ಹಕ್ಕಳೆಯಾಗಿ ಉದುರಿ, ಸೂಜಿಮೊನೆಯಷ್ಟು ದೊಡ್ಡ ತೂತು ಕಾಣಿಸಿತು. ಮಣ್ಣು ಸದಾ ತೇವ ಹಿಡಿದಿಟ್ಟು ಅಲ್ಲಿ ಮಾತ್ರ ತುಕ್ಕು ತಿಂದಿತ್ತು. ಆ ಪೈಪನ್ನು ಪೂರ್ತಿ ಬದಲಿಸಿ, ಪ್ರತಿ ಕ್ಲಾಂಪಿನ ಅಡಿಗೂ ರಬ್ಬರ್ ತುಂಡು ಇಟ್ಟ ಮೇಲೆ ಆ ತೊಂದರೆ ಮತ್ತೆ ಬಂದಿಲ್ಲ. ಪಂಪ್ ಅಂದಿನಿಂದ ಇಂದಿನವರೆಗೂ ಇಳಿದಿಲ್ಲ.

ಡೀಸೆಲ್ಲಿನಲ್ಲಿ ನೀರು ಸೇರುವುದು ತೋಟದ ಗಾಡಿಗಳಿಗೆ ಇನ್ನೊಂದು ಕಾಟ. ಜನರೇಟರಿಗೆಂದು ಬ್ಯಾರಲ್ಲಿನಲ್ಲಿ ತಂದಿಟ್ಟ ಡೀಸೆಲ್ಲಿನ ತಳದಲ್ಲಿ ಮಳೆಗಾಲದ ತೇವಕ್ಕೆ ನೀರು ನಿಲ್ಲುತ್ತದೆ, ತಳದಿಂದಲೇ ಎಳೆದು ಗಾಡಿಗೆ ಹಾಕಿದರೆ ಅದು ಪಂಪಿಗೆ ಹೋಗುತ್ತದೆ. ನಾನು ಫಿಲ್ಟರಿನ ಅಡಿಯ ಸ್ಕ್ರೂ ಸಡಿಲಿಸಿ ಸ್ವಲ್ಪ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿ ನೋಡುತ್ತೇನೆ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಬ್ರೇಕಿನ ವಿಷಯಕ್ಕೆ ಬಂದರೆ, ಶಿರಾಡಿ ಘಾಟಿ ಇಳಿಯುವ ಗಾಡಿಗೆ ಇದಕ್ಕಿಂತ ಮುಖ್ಯವಾದ ಕೆಲಸ ಬೇರೊಂದಿಲ್ಲ. ಮುಂದೆ ಡಿಸ್ಕ್, ಹಿಂದೆ ಡ್ರಮ್. ನಮ್ಮ ಕೆಸರು ರಸ್ತೆಗಳಲ್ಲಿ ಹಿಂದಿನ ಡ್ರಮ್ಮಿನೊಳಗೆ ಮಣ್ಣು ಸೇರುತ್ತದೆ, ಆದ್ದರಿಂದ ಮಳೆಗಾಲ ಮುಗಿದೊಡನೆ ಎರಡನ್ನೂ ಬಿಚ್ಚುತ್ತೇನೆ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಆಕ್ಸಲ್ಲಿನ ಅಡಿಗೆ ಜಾಕ್ ಕೊಟ್ಟು ಎತ್ತಿ, ಅದರ ಅಡಿಗೆ ಗಟ್ಟಿಮರದ ದಿಮ್ಮಿಗಳನ್ನು ಕೊಟ್ಟ ಮೇಲೆಯೇ ಕೈ ಹಾಕಬೇಕು. ಬರೀ ಜಾಕನ್ನು ನಂಬಿ ಯಾರೂ ಗಾಡಿಯ ಅಡಿಗೆ ಹೋಗಬಾರದು. ಡ್ರಮ್ ಹಿಡಿದುಕೊಂಡಿದ್ದರೆ ಹ್ಯಾಂಡ್‌ಬ್ರೇಕ್ ಬಿಟ್ಟಿದೆಯೇ ಎಂದು ನೋಡಿ, ಅಡ್ಜಸ್ಟರ್ ಸಡಿಲಿಸಿ, ಸುತ್ತಲೂ ಹದವಾಗಿ ತಟ್ಟುತ್ತಾ ಬಿಡಿಸಿಕೊಳ್ಳುತ್ತೇನೆ. ಒಳಗಿನ ಧೂಳನ್ನು ಗಾಳಿ ಹೊಡೆದು ಎಬ್ಬಿಸಬಾರದು. ಹಳೆಯ ಲೈನರುಗಳಲ್ಲಿ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿಗಳಲ್ಲಿ) ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದೇ ಸರಿ.

ಲೈನರ್ ಎಣ್ಣೆಯಿಂದ ಒದ್ದೆಯಾಗಿದ್ದರೆ ಆ ಎಣ್ಣೆ ಯಾವುದು ಎಂಬುದನ್ನು ಮೊದಲು ಗುರುತಿಸಬೇಕು. ಬೆರಳಿಗೆ ಸವರಿ ನೋಡಿದಾಗ ತೆಳ್ಳಗಿದ್ದು ನೀರಿಗೆ ಸುಲಭವಾಗಿ ತೊಳೆದುಹೋದರೆ ಅದು ಬ್ರೇಕ್ ಆಯಿಲ್, ಎಂದರೆ ಡ್ರಮ್ಮಿನೊಳಗೆ ಲೈನರನ್ನು ದೂಡುವ ವೀಲ್ ಸಿಲಿಂಡರಿನ ರಬ್ಬರ್ ಹೋಗಿದೆ. ಮಂದವಾಗಿದ್ದು ಗಂಧಕದ ಘಾಟು ಬಂದರೆ ಅದು ಆಕ್ಸಲ್ಲಿನ ಆಯಿಲ್. ನನ್ನ ಗಾಡಿಯಲ್ಲಿ ಬಲ ಚಕ್ರಕ್ಕೆ ಹೊಸ ಆಯಿಲ್ ಸೀಲ್ ಹಾಕಿಸಿದರೂ ಸ್ವಲ್ಪ ದಿನದಲ್ಲೇ ಮತ್ತೆ ಎಣ್ಣೆ ಕಾಣಿಸುತ್ತಿತ್ತು. ಆಕ್ಸಲ್ ಕೊಳವೆಯ ಮೇಲೆ ಗಾಳಿಯಾಡಲೆಂದು ಇಟ್ಟಿರುವ ಸಣ್ಣ ಬ್ರೀದರ್ ಕೆಸರಿನಿಂದ ಮುಚ್ಚಿಹೋಗಿತ್ತು. ಘಾಟಿಯಲ್ಲಿ ಆಕ್ಸಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರದಾರಿ ಕಾಣದೆ ಎಣ್ಣೆಯನ್ನು ಸೀಲಿನ ಸಂದಿನಿಂದ ದೂಡುತ್ತದೆ. ಬಿಸಿ ಆಕ್ಸಲ್ ಹಳ್ಳದ ನೀರಿಗೆ ಇಳಿದು ತಣ್ಣಗಾದಾಗ ಅದೇ ಸಂದಿನಿಂದ ನೀರನ್ನು ಒಳಗೆ ಎಳೆಯುತ್ತದೆ. ಬ್ರೀದರನ್ನು ಬಿಚ್ಚಿ ತೊಳೆದು, ಬಾಯಿಯಿಂದ ಊದಿ ಗಾಳಿ ಹೋಗುವುದನ್ನು ಖಚಿತಪಡಿಸಿಕೊಂಡು ಹಾಕಿದ ಮೇಲೆ ಸೀಲ್ ಒಣಗಿಯೇ ಇದೆ. ಸೀಲ್ ಬದಲಿಸುವ ಮೊದಲು ಬ್ರೀದರ್ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ವೀಲ್ ಸಿಲಿಂಡರಿನ ರಬ್ಬರುಗಳನ್ನು ಡೀಸೆಲ್ಲಿನಲ್ಲೋ ಪೆಟ್ರೋಲಿನಲ್ಲೋ ತೊಳೆಯುವ ಅಭ್ಯಾಸ ಹಲವರಲ್ಲಿದೆ, ಆದರೆ ಅವು ಊದಿಕೊಂಡು ಬ್ರೇಕ್ ಹಿಡಿದುಬಿಡುತ್ತದೆ. ಬ್ರೇಕ್ ಆಯಿಲ್ಲಿನಲ್ಲೇ ತೊಳೆಯಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆ ಹೊಸದಾಗಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು ಎಂಬುದು ಮಾನದಂಡ, ತೇವ ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಹೊರೆ ಹೊತ್ತು ಘಾಟಿ ಇಳಿಯುವಾಗ ಎಣ್ಣೆ ಕುದಿದು ಆವಿಯಾದರೆ ಪೆಡಲ್ ನೆಲಕ್ಕಿಳಿಯುತ್ತದೆ, ಬ್ರೇಕ್ ಇರುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತೇನೆ. ಏರ್ ತೆಗೆಯುವಾಗ ಮಗಳು ಪೆಡಲ್ ಒತ್ತಿ "ಹಿಡಿದಿದೀನಿ ಅಪ್ಪ" ಎಂದ ಮೇಲೆ ನಾನು ಚಕ್ರದ ಬಳಿ ಗಾಳಿ ಬಿಡಲು ಇರುವ ನಿಪ್ಪಲ್ ಸಡಿಲಿಸುತ್ತೇನೆ, ನಾನು ಬಿಗಿದು "ಬಿಡು" ಎನ್ನುವವರೆಗೂ ಅವಳು ಕಾಲು ತೆಗೆಯುವಂತಿಲ್ಲ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಎಡ ಹಿಂಬದಿಯ ಚಕ್ರದಿಂದ ಆರಂಭ.

ಇಲ್ಲಿಯೇ ಹೇಳಬೇಕಾದ ಇನ್ನೊಂದು ಮಾತಿದೆ. ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸರಳಿಗೆ ಜೋಡಿಸಿದ ವಾಲ್ವ್ ಇರುತ್ತದೆ. ಹೊರೆ ಹೆಚ್ಚಾಗಿ ಚಾಸಿ ಕೆಳಗಿಳಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಹೆಚ್ಚು ಮಾಲು ಹೇರಲೆಂದು ಕಮಾನಿಗೆ (ಸ್ಪ್ರಿಂಗಿಗೆ) ಹೆಚ್ಚುವರಿ ಪ್ಲೇಟು ಸೇರಿಸಿದರೆ ಹೊರೆ ಇದ್ದರೂ ಚಾಸಿ ಇಳಿಯುವುದಿಲ್ಲ, ವಾಲ್ವು ಗಾಡಿ ಖಾಲಿ ಇದೆಯೆಂದೇ ತಿಳಿದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ನಮ್ಮ ಸುತ್ತಮುತ್ತ ಪ್ಲೇಟು ಸೇರಿಸದ ಪಿಕಪ್ಪೇ ಅಪರೂಪ. ನಾನು ಸೇರಿಸಿಲ್ಲ, ಸೇರಿಸುವುದೂ ಇಲ್ಲ. ಇದೇ ಕಾರಣಕ್ಕೆ ಆಕ್ಸಲ್ ಜೋತುಬಿದ್ದಿರುವಾಗ ಹಿಂದಿನ ಬ್ರೇಕಿನ ಏರ್ ಸರಿಯಾಗಿ ಹೋಗುವುದಿಲ್ಲ. ಭಾರವೆಲ್ಲ ಆಕ್ಸಲ್ಲಿನ ಮೇಲೆ ಕೂತಿರಬೇಕು.

ಎಂಜಿನ್ ಆಯಿಲ್ಲಿಗೆ 15ಡಬ್ಲ್ಯು-40, ಗ್ರೀಸಿಂಗಿಗೆ ಸಾಧಾರಣ ಲಿಥಿಯಂ ಗ್ರೀಸ್, ಇದರಲ್ಲಿ ಹೆಚ್ಚು ಹೇಳುವುದೇನಿಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ (ಕೀಲುಗಳಿಗೆ) ನಾಲ್ಕೂ ಕಪ್ಪುಗಳಿಂದ ಹೊಸ ಗ್ರೀಸ್ ಹೊರಬರುವವರೆಗೂ ಗನ್ ಒತ್ತಬೇಕು, ಒಂದು ಕಪ್ ಒಣಗಿದ್ದರೂ ಕ್ರಾಸ್ ಹೋಗುತ್ತದೆ. ಸೆಲ್ಫ್ ನಿಧಾನವಾದರೆ ಹೊಸ ಬ್ಯಾಟರಿ ತರುವ ಮೊದಲು ಮಲ್ಟಿಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವಿಗೂ ಇನ್ನೊಂದನ್ನು ಎಂಜಿನ್ನಿಗೂ ಇಟ್ಟು ಸೆಲ್ಫ್ ಹೊಡೆಸಿ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ ಎಂದೇ ಅರ್ಥ.

ತುಕ್ಕಿನ ವಿರುದ್ಧದ ಕೆಲಸ ಮಾತ್ರ ವರ್ಷವಿಡೀ ನಡೆಯುತ್ತದೆ. ಮಳೆಗಿಂತ ಹೆಚ್ಚಾಗಿ ಡೆಕ್ಕನ್ನು ತಿನ್ನುವುದು ನಾವು ಹೇರುವ ಪೊಟ್ಯಾಷ್ ಗೊಬ್ಬರ. ಅದು ಕ್ಲೋರೈಡ್ ಲವಣವಾದ್ದರಿಂದ ಒಡೆದ ಚೀಲದಿಂದ ಉದುರಿದ ಹರಳು ತೇವಕ್ಕೆ ಕರಗಿ ತಗಡಿನ ಸಂದುಗಳಲ್ಲಿ ಇಳಿದರೆ ಕಬ್ಬಿಣ ಬಹುಬೇಗ ಹೋಗುತ್ತದೆ. ಗೊಬ್ಬರ ಇಳಿಸಿದ ದಿನವೇ ಡೆಕ್ಕನ್ನೂ ಅಡಿಯ ಅಡ್ಡಪಟ್ಟಿಗಳನ್ನೂ ನೀರಿನಿಂದ ತೊಳೆಯುವುದು ನಮ್ಮಲ್ಲಿ ಕಡ್ಡಾಯ. ಚಾಸಿಯಲ್ಲಿ ನೀರು ಇಳಿದುಹೋಗಲು ಇಟ್ಟಿರುವ ತೂತುಗಳನ್ನು ತಂತಿಯಿಂದ ಬಿಡಿಸುತ್ತೇನೆ. ಬೇಸಿಗೆಯಲ್ಲಿ ತಂತಿ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಎನಾಮಲ್ ಬಣ್ಣ ಹೊಡೆಯುತ್ತೇನೆ. ಹಳೆಯ ಎಂಜಿನ್ ಆಯಿಲ್ಲನ್ನು ಅಡಿಗೆಲ್ಲ ಸಿಂಪಡಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ: ಅದು ರಬ್ಬರ್ ಬುಷ್ಷುಗಳನ್ನು ಹಾಳುಮಾಡುತ್ತದೆ, ಲೈನರಿಗೆ ತಾಗಿದರೆ ಬ್ರೇಕ್ ಹೋಗುತ್ತದೆ, ಮೊದಲ ಮಳೆಗೇ ತೊಳೆದುಕೊಂಡು ನಾವು ಕುಡಿಯುವ ಹಳ್ಳವನ್ನು ಸೇರುತ್ತದೆ. ಡೆಕ್ಕಿನ ತಗಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡೂ ವೈರುಗಳನ್ನು ಬಿಡಿಸಿಡುತ್ತೇನೆ, ಇಲ್ಲವಾದರೆ ಆಲ್ಟರ್ನೇಟರಿನ ಡಯೋಡುಗಳು ಸುಡುತ್ತವೆ.

ಸರಕು ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷವೂ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್) ಮಾಡಿಸಬೇಕಾದ್ದರಿಂದ ಈ ಕೆಲಸಗಳಿಗೆಲ್ಲ ತಾನಾಗಿಯೇ ಒಂದು ಗಡುವು ಇದೆ. ಈ ವರ್ಷ ನನ್ನ ಪಟ್ಟಿಯಲ್ಲಿ ಉಳಿದಿರುವುದು ಕ್ಲಚ್ ಪ್ಲೇಟು. ಏರು ಹತ್ತುವಾಗ ಎಂಜಿನ್ನಿನ ಸದ್ದು ಏರಿದಷ್ಟು ಗಾಡಿಯ ವೇಗ ಏರುತ್ತಿಲ್ಲ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಒಬ್ಬನ ಕೈಲಾಗುವ ತೂಕವಲ್ಲ. ಪಕ್ಕದ ತೋಟದವರ ಚೈನ್ ಬ್ಲಾಕನ್ನು ಕೇಳಿಟ್ಟಿದ್ದೇನೆ, ಪ್ಲೇಟು, ಪ್ರೆಷರ್ ಪ್ಲೇಟು ಮತ್ತು ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುವ ಏರ್ಪಾಡು ನಡೆದಿದೆ. ಕಾಫಿ ಕೊಯ್ಲು ಶುರುವಾಗುವ ಮೊದಲು ಅದು ಮುಗಿಯಬೇಕು.