ಕಥನಕವನದಲ್ಲಿ ಅಲಂಕಾರವನ್ನು ಗುರುತಿಸುವ ಮತ್ತು ತೂಗಿ ನೋಡುವ ಬಗೆ

ಕಥನಕವನವನ್ನು ಕೈಗೆತ್ತಿಕೊಂಡ ಕೂಡಲೇ ಉಪಮೆ ಎಲ್ಲಿದೆ, ರೂಪಕ ಎಲ್ಲಿದೆ ಎಂದು ಅಡಿಗೆರೆ ಎಳೆಯುವುದು ಶಾಲೆಗಳಲ್ಲಿ ರೂಢಿ. ಕೊಡಗಿನ ಮಕ್ಕಳಿಗೆ ಕನ್ನಡ ಕಲಿಸುವಾಗ ನಾನು ಮೊದಲು ಪೆನ್ಸಿಲನ್ನು ಕೆಳಗಿಡಿಸುತ್ತೇನೆ. ಪದ್ಯವನ್ನು ಗಟ್ಟಿಯಾಗಿ ಓದಿ, ಯಾರು ಯಾರೊಡನೆ ಮಾತಾಡುತ್ತಿದ್ದಾರೆ, ಕಥೆ ಎಲ್ಲಿ ತಿರುಗುತ್ತದೆ ಎಂಬುದನ್ನು ತಿಳಿದ ಮೇಲೆಯೇ ಅಲಂಕಾರವನ್ನು ಹುಡುಕಬೇಕು. ಏಕೆಂದರೆ ಯಾವುದು ಅಲಂಕಾರ, ಯಾವುದು ಕಥೆಯೊಳಗಿನ ನಿಜ ಸಂಗತಿ ಎಂಬುದನ್ನು ಕಥೆಯೇ ತೀರ್ಮಾನಿಸುತ್ತದೆ.

‘ಹೊಳೆ ಸಿಟ್ಟಿನಿಂದ ಓಡಿತು’ ಎಂಬ ಸಾಲು ಮಳೆಗಾಲದ ವರ್ಣನೆಯಲ್ಲಿ ಬಂದರೆ, ಅದು ನೀರಿಗೆ ಮನುಷ್ಯಭಾವವನ್ನು ಆರೋಪಿಸಿದ ಮಾತು. ಅಗಸ್ತ್ಯರ ಕಮಂಡಲದಿಂದ ಹೊರಹರಿದ ಕಾವೇರಿಯ ಕಥೆಯಲ್ಲಿಯಾದರೆ ಆಕೆ ಹೆಣ್ಣೇ ಆದ್ದರಿಂದ, ಆ ಸಿಟ್ಟು ನಿಜವಾದ ಸಿಟ್ಟು. ಕೊಡಗಿನ ಬಲಮುರಿಯಲ್ಲಿ ಆಕೆಯ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು, ಕೊಡವ ಹೆಂಗಸರು ನೆರಿಗೆಯನ್ನು ಹಿಂದೆ ಉಡುವುದು ಅದಕ್ಕೇ ಎಂಬ ಐತಿಹ್ಯವನ್ನು ಕೇಳಿ ಬೆಳೆದ ಮಗು ಈ ವ್ಯತ್ಯಾಸವನ್ನು ಬೇಗ ಹಿಡಿಯುತ್ತದೆ.

ಉಪಮೆಯನ್ನು ಗುರುತಿಸುವುದು ಸುಲಭ. ಅಂತೆ, ಹಾಗೆ, ವೊಲ್, ತೆರದಿ ಎಂಬ, ಹೋಲಿಕೆಯನ್ನು ಸೂಚಿಸುವ ವಾಚಕ ಪದಗಳೇ ದಾರಿ ತೋರಿಸುತ್ತವೆ. ಕಷ್ಟವಿರುವುದು ತೂಗಿ ನೋಡುವುದರಲ್ಲಿ. ‘ಹೂಮಳೆ ಕಂಡ ತೋಟದಂತೆ ಅವಳ ಮುಖ ಅರಳಿತು’ ಎಂದು ಒಬ್ಬರು ಬರೆದರೆನ್ನಿ. ಹೋಲಿಸಿದ ವಸ್ತುವಾದ ಮುಖ ಉಪಮೇಯ, ಯಾವುದಕ್ಕೆ ಹೋಲಿಸಿದೆಯೋ ಆ ತೋಟ ಉಪಮಾನ, ಎರಡಕ್ಕೂ ಇರುವ ಅರಳುವ ಗುಣ ಸಮಾನಧರ್ಮ, ಲಕ್ಷಣಕ್ಕೆ ಕೊರತೆಯಿಲ್ಲ. ಆದರೆ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡುವಂತೆ ಮಾಡುವ ಬೇಸಿಗೆಯ ಮಳೆ, ಬಿದ್ದ ಮರುಕ್ಷಣ ಕಾಫಿ ಅರಳುವುದಿಲ್ಲ, ಅದಕ್ಕೆ ಸುಮಾರು 8–10 ದಿನ ಬೇಕು. ಕಳೆದುಹೋದ ಮಗ ಬಾಗಿಲಲ್ಲಿ ನಿಂತದ್ದನ್ನು ಕಂಡ ತಾಯಿಗೆ ಈ ಹೋಲಿಕೆ ಒಗ್ಗದು. ಮಗ ಬದುಕಿದ್ದಾನೆಂಬ ಸುದ್ದಿ ಬಂದು, ಅದನ್ನು ನಂಬಲು ಹೆದರುತ್ತ ದಿನ ಎಣಿಸಿದ ತಾಯಿಗಾದರೆ ಇದಕ್ಕಿಂತ ಒಳ್ಳೆಯ ಹೋಲಿಕೆಯನ್ನು ನಾನು ಕಾಣೆ. ಉಪಮಾನದ ಸ್ವಭಾವವನ್ನು ಪೂರ್ತಿ ತಿಳಿದು, ಅದನ್ನು ಕಥೆಯ ಆ ಗಳಿಗೆಯ ಪಕ್ಕದಲ್ಲಿಟ್ಟು ನೋಡುವುದೇ ಇಲ್ಲಿನ ಕೆಲಸ.

ರೂಪಕದಲ್ಲಿ ವಾಚಕ ಪದವಿರುವುದಿಲ್ಲ. ಎರಡು ವಸ್ತುಗಳು ಒಂದೇ ಎಂದುಬಿಡುತ್ತದೆ. ನಮಗೆಲ್ಲ ಬಾಯಿಗೆ ಬರುವ ಗೋವಿನ ಹಾಡನ್ನೇ ತೆಗೆದುಕೊಳ್ಳಿ. ‘ಸತ್ಯವೇ ನಮ್ಮ ತಾಯಿ ತಂದೆ’ ಎಂದು ಹಸು ಹೇಳುವಾಗ ಸತ್ಯ ಹೆತ್ತವರಂತೆ ಎನ್ನುವುದಿಲ್ಲ, ಹೆತ್ತವರೇ ಎನ್ನುತ್ತದೆ. ಈ ಒಂದು ಸಾಲನ್ನು ಬಿಡಿಸಿ ತೆಗೆದು ‘ರೂಪಕ’ ಎಂದು ಬರೆದರೆ ಅಂಕ ಸಿಗಬಹುದು, ಆದರೆ ಕವನ ಕೈಗೆ ಸಿಗುವುದಿಲ್ಲ. ಆ ನಂಟಿನ ಮಾತು ಮುಂದೆ ಎಲ್ಲಿ ಮರಳುತ್ತದೆ ಎಂದು ಹುಡುಕಿ. ಹಸು ಕೊಟ್ಟ ಮಾತಿನಂತೆ ಹಿಂದಿರುಗಿದಾಗ ಹುಲಿ ‘ಎನ್ನ ಒಡಹುಟ್ಟಕ್ಕ ನೀನು’ ಎನ್ನುತ್ತದೆ. ಬೇಟೆ ಅಕ್ಕನಾದ ಆ ಕ್ಷಣದಲ್ಲಿ ಕಥೆಯೇ ತಿರುಗುತ್ತದೆ. ಆ ರೂಪಕವನ್ನು ತೆಗೆದುಹಾಕಿ ಓದಿದರೆ ಹುಲಿಯ ಮನಸ್ಸು ಬದಲಾದದ್ದಕ್ಕೆ ಆಧಾರವೇ ಸಡಿಲವಾಗುತ್ತದೆ. ಯಾವುದೇ ಅಲಂಕಾರವನ್ನು ಪರೀಕ್ಷಿಸಲು ನಾನು ಬಳಸುವ ಕ್ರಮ ಇದೇ: ತೆಗೆದು ಓದಿ, ಕಥೆಗೆ ಏನು ನಷ್ಟವಾಯಿತೆಂದು ನೋಡಿ. ‘ಬೆಟ್ಟ ಮಂಜಿನ ಕಂಬಳಿ ಹೊದ್ದಿತ್ತು’ ಎಂಬಂತಹ, ನಮ್ಮೂರ ಪದ್ಯಗಳಲ್ಲಿ ಸವೆದುಹೋದ ಮಾತನ್ನು ತೆಗೆದರೆ ಬಹುತೇಕ ಏನೂ ನಷ್ಟವಾಗುವುದಿಲ್ಲ.

ಅದೇ ಹಾಡಿನಲ್ಲಿ ಹುಲಿಯ ಮಾತಿಗೆ ಸ್ವಲ್ಪ ಮೊದಲು ಹಸು ‘ಖಂಡವಿದೆಕೋ ಮಾಂಸವಿದೆಕೋ, ಗುಂಡಿಗೆಯ ಬಿಸಿರಕ್ತವಿದೆಕೋ’ ಎನ್ನುತ್ತದೆ. ಇಲ್ಲಿ ಪ್ರಾಸವಿದೆ, ಉಪಮೆ ರೂಪಕಗಳಂತಹ ಅರ್ಥಾಲಂಕಾರವಿಲ್ಲ. ಖಂಡವೆಂದರೆ ಖಂಡವೇ, ರಕ್ತವೆಂದರೆ ರಕ್ತವೇ. ಕಾಡಂಚಿನ ಊರುಗಳಲ್ಲಿ, ಹುಲಿ ಹಿಡಿದ ಹಸುವನ್ನು ಕಂಡ ಮನೆಯ ಮಕ್ಕಳು ಈ ಸಾಲಿಗೆ ಬಂದಾಗ ಮೌನವಾಗುತ್ತಾರೆ. ನಿಮ್ಮ ಟಿಪ್ಪಣಿಯಲ್ಲಿ ಇಂತಹ ಸಾಲಿನ ಎದುರಿಗೆ ‘ಹೋಲಿಕೆಯಿಲ್ಲ’ ಎಂದು ಬರೆದು, ಅಲ್ಲಿ ಅದು ಏಕೆ ಬೇಕಾಗಲಿಲ್ಲ ಎಂಬುದನ್ನೂ ಒಂದು ವಾಕ್ಯದಲ್ಲಿ ಸೇರಿಸಿ.