ಎಷ್ಟು ಇಲಿ ಬೇಕು, ಯಾವಾಗ ನಿಲ್ಲಿಸಬೇಕು: ನನ್ನ ಅನುಭವ

ಔಷಧ ಪರೀಕ್ಷೆಗೆ ಇಲಿ ಬಳಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ ಎಂದರೆ ಜನ ಕೇಳುವುದು ಎರಡೇ ಪ್ರಶ್ನೆ. “ಪಾಪ ಅನಿಸಲ್ವಾ?” ಮತ್ತು “ಕಂಪ್ಯೂಟರಲ್ಲೇ ಮಾಡೋಕಾಗಲ್ವಾ?” ಪಾಪ ಅನಿಸುತ್ತದೆ. ಕಂಪ್ಯೂಟರಿನಲ್ಲೋ, ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲೋ ತಿಳಿಯುವಂಥದ್ದಕ್ಕೆ ನಾವು ಇಲಿ ಮುಟ್ಟುವುದಿಲ್ಲ. ಆದರೆ ಲಿವರ್, ಕಿಡ್ನಿ, ನರ, ರಕ್ತ ಎಲ್ಲ ಸೇರಿ ಒಂದು ಔಷಧವನ್ನು ಏನು ಮಾಡುತ್ತವೆ ಎಂಬುದು ತಟ್ಟೆಯಲ್ಲಿ ಪೂರ್ತಿ ಸಿಗುವುದಿಲ್ಲ.

1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಹೇಳಿದ ಮೂರು ಮಾತು ಈ ಕೆಲಸದಲ್ಲಿ ಎಲ್ಲರ ಬಾಯಲ್ಲೂ ಇರುತ್ತದೆ. ಪ್ರಾಣಿ ಇಲ್ಲದೆ ಆಗುವುದಾದರೆ ಹಾಗೇ ಮಾಡು. ಬೇಕೇ ಬೇಕಾದರೆ ಕಡಿಮೆ ಬಳಸು. ಬಳಸಿದರೆ ನೋವು ತಗ್ಗಿಸು. ನನಗೆ ಜಾಸ್ತಿ ತಲೆ ತಿನ್ನುವುದು ನಡುವಿನದ್ದು.

ಕಡಿಮೆ ಎಂದರೆ ಎಷ್ಟು? ಗುಂಪಿಗೆ ಮೂರು ಇಲಿ ಸಾಕು ಎಂದು ಬರೆದುಕೊಟ್ಟರೆ ನೋಡುವವರಿಗೆ ದಯೆಯಂತೆ ಕಾಣುತ್ತದೆ. ಔಷಧದ ಪರಿಣಾಮ ಸಣ್ಣದಿದ್ದರೆ ಮೂರರಲ್ಲಿ ಅದು ಕಾಣಿಸುವುದೇ ಕಷ್ಟ. ಇಲಿಗಳೂ ಹೋದವು, ಉತ್ತರವೂ ಸಿಗಲಿಲ್ಲ. ಹಾಗಾಗಿ ಪ್ರಯೋಗಕ್ಕೆ ಮೊದಲೇ ಅಂಕಿಅಂಶ ಬಲ್ಲವರ ಜೊತೆ ಕೂರುತ್ತೇನೆ. ಎಷ್ಟು ವ್ಯತ್ಯಾಸ ಕಂಡರೆ ಅದಕ್ಕೆ ಅರ್ಥ ಇದೆ, ಒಂದೇ ಗುಂಪಿನ ಇಲಿಗಳ ನಡುವೆಯೇ ಎಷ್ಟು ಏರುಪೇರು ಇದೆ, ಇವೆರಡು ಗೊತ್ತಾದರೆ ಸಂಖ್ಯೆ ತಾನಾಗಿ ಬರುತ್ತದೆ.

ನಮ್ಮಲ್ಲಿ ಈ ಲೆಕ್ಕ ನೋಡುವವರು ಮೊದಲು ಕೇಳುವುದು “ಔಷಧ ಹೇಗೆ ಕೊಡ್ತೀರಿ?” ಎಂದು. ಕುಡಿಯುವ ನೀರಿಗೆ ಬೆರೆಸಿದರೆ ಒಂದು ಪಂಜರದ ಐದು ಇಲಿಗಳಿಗೂ ಒಂದೇ ಬಾಟಲಿ. ಲೆಕ್ಕಕ್ಕೆ ಅದು ಐದಲ್ಲ, ಒಂದು. ಒಂದೊಂದಕ್ಕೂ ಬೇರೆ ಬೇರೆ ಕೊಟ್ಟರೆ ಒಟ್ಟು ಇಲಿಗಳು ಕಡಿಮೆ ಸಾಕು. ಆದರೆ ದಿನಾ ಗಂಟಲಿಗೆ ನಳಿಕೆ ಇಳಿಸುವುದು ಇಲಿಗೆ ಹಿಂಸೆ. ಸಂಖ್ಯೆ ಇಳಿಸಲು ಹೋದರೆ ಪ್ರತಿ ಇಲಿಯ ಪಾಲಿನ ಕಷ್ಟ ಏರುತ್ತದೆ. ಔಷಧಕ್ಕೆ ಒಗ್ಗುವುದಾದರೆ ಸಿಹಿ ಹಾಲಿನಲ್ಲಿ ಕಲಸಿ ಪಿಪೆಟ್ (ಹನಿ ಅಳೆದು ಹಾಕುವ ಸಣ್ಣ ಕೊಳವೆ) ತುದಿಯಿಂದ ಕೊಡುತ್ತೇನೆ. ರೂಢಿ ಮಾಡಿಸಿದರೆ ತಾವೇ ಬಂದು ನೆಕ್ಕುತ್ತವೆ. ಎಲ್ಲ ಔಷಧಕ್ಕೂ ಇದು ಆಗುವುದಿಲ್ಲ, ತೀರಾ ಕಹಿಯಾದರೆ ಮುಖ ತಿರುಗಿಸಿಬಿಡುತ್ತವೆ.

ಗುಂಪು ಮಾಡುವಾಗ ಪಂಜರಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ಎತ್ತಬಾರದು. ಮೊದಲು ಕೈಗೆ ಸಿಗುವುದು ಸಾಮಾನ್ಯವಾಗಿ ಮಂಕಾದ ಇಲಿ. ಚುರುಕಿನದ್ದು ಮೂಲೆ ಮೂಲೆ ಓಡಿ ಕೊನೆಗೆ ಸಿಗುತ್ತದೆ. ಹಾಗೆ ಮಾಡಿದ ಗುಂಪಿನಲ್ಲಿ ಔಷಧ ಕೊಡುವ ಮೊದಲೇ ವ್ಯತ್ಯಾಸ ಇರುತ್ತದೆ. ಪ್ರತಿ ಇಲಿಗೆ ನಂಬರ್ ಕೊಟ್ಟು, ಯಾವುದು ಯಾವ ಗುಂಪು ಎಂಬುದನ್ನು ಕಂಪ್ಯೂಟರಿಗೆ ಬಿಡುತ್ತೇನೆ. ಅಳತೆ ಮಾಡುವವರಿಗೆ ಗುಂಪು ಯಾವುದೆಂದು ಹೇಳುವುದಿಲ್ಲ.

ಇಲಿಯನ್ನು ಬಾಲ ಹಿಡಿದು ಎತ್ತುವುದು ಹಳೇ ರೂಢಿ. ಅದಕ್ಕಿಂತ ಒಂದು ಪ್ಲಾಸ್ಟಿಕ್ ಕೊಳವೆಯೊಳಗೆ ತಾನೇ ನುಗ್ಗಲು ಬಿಟ್ಟರೆ ಇಲಿಗೆ ಗಾಬರಿ ಕಡಿಮೆ ಎಂದು 2010ರಲ್ಲಿ ಜೇನ್ ಹರ್ಸ್ಟ್ ಮತ್ತು ರೆಬೆಕಾ ವೆಸ್ಟ್ ತೋರಿಸಿದರು. ಕೊಳವೆಗೆ ಖರ್ಚೂ ಇಲ್ಲ, ಹೆಚ್ಚಿನ ಸಮಯವೂ ಬೇಡ. ಆದರೂ ಬಾಲ ಹಿಡಿಯುವವರು ಇದ್ದಾರೆ, ಏಕೋ ಗೊತ್ತಿಲ್ಲ! ಗಾಬರಿಗೊಂಡ ಇಲಿಯ ಅಳತೆಯೂ ನಂಬುವಂಥದ್ದಲ್ಲ. ಗಂಡಸರ ಮೈವಾಸನೆಗೇ ಇಲಿಯ ನೋವಿನ ಪ್ರತಿಕ್ರಿಯೆ ಬದಲಾಗುತ್ತದೆ ಎಂದು 2014ರ ಒಂದು ಅಧ್ಯಯನ ಹೇಳಿತು. ಅಂದಿನಿಂದ ಯಾರು ಇಲಿ ಮುಟ್ಟಿದರು ಎಂಬುದನ್ನೂ ನಾನು ಬರೆದಿಡುತ್ತೇನೆ.

ಇನ್ನು ನಿಲ್ಲಿಸುವ ವಿಷಯ. ಮನುಷ್ಯರ ಮೇಲಿನ ಟ್ರಯಲ್‌ನಲ್ಲಿ ಸೇರಿದವರು ಬೇಡ ಅನಿಸಿದ ದಿನ ಎದ್ದು ಹೋಗಬಹುದು, ಕಾರಣ ಕೊಡಬೇಕಿಲ್ಲ. ಇಲಿಗೆ ಆ ಬಾಗಿಲು ಇಲ್ಲ. ಅದರ ಪರವಾಗಿ ಗೆರೆಯನ್ನು ನಾವೇ ಹಾಕಬೇಕು, ಅದೂ ಮೊದಲೇ. ಪ್ರಯೋಗದ ಮಧ್ಯೆ ಕೂತು ಯೋಚಿಸಿದರೆ “ಇನ್ನೆರಡು ದಿನ ನೋಡೋಣ” ಅನ್ನಿಸುವುದು ಸಹಜ, ಅಷ್ಟು ಕೆಲಸ ಆಗಿರುತ್ತದಲ್ವಾ?

ತೂಕ ಶೇ. 20ರಷ್ಟು ಇಳಿದರೆ ನಿಲ್ಲಿಸು ಎಂಬುದು ಬಹಳ ಕಡೆ ಇರುವ ಗೆರೆ. ನಾನು ಅದಕ್ಕೆ ಕಾಯುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಇಲಿ ನೋವನ್ನು ಬಚ್ಚಿಡುತ್ತದೆ, ಮನುಷ್ಯರು ಹತ್ತಿರ ಬಂದರೆ ಇನ್ನೂ ಜಾಸ್ತಿ. ಪಂಜರದ ಮುಂದೆ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತು ಮುಖ ನೋಡುತ್ತೇನೆ. ಕಣ್ಣು ಕಿರಿದಾಗಿದೆಯಾ, ಮೂಗು ಮತ್ತು ಕೆನ್ನೆ ಉಬ್ಬಿವೆಯಾ, ಕಿವಿ ಹಿಂದಕ್ಕೆ ಬಾಗಿದೆಯಾ, ಮೀಸೆ ಸೆಟೆದಿದೆಯಾ. ಒಂದೊಂದಕ್ಕೂ 0ಯಿಂದ 2ರ ತನಕ ಅಂಕ. ಗೂಡನ್ನೂ ನೋಡುತ್ತೇನೆ. ಆರಾಮಾಗಿರುವ ಇಲಿ ಕೊಟ್ಟ ಕಾಗದದ ಚೂರುಗಳನ್ನು ಹರಿದು ಗುಂಡಗೆ ಗೂಡು ಕಟ್ಟಿರುತ್ತದೆ. ರಾತ್ರಿ ಕಳೆದರೂ ಕಾಗದ ಹಾಗೇ ಬಿದ್ದಿದ್ದರೆ ಪಶುವೈದ್ಯರಿಗೆ ಫೋನ್ ಮಾಡುತ್ತೇನೆ. ನಿಲ್ಲಿಸುವ ಕೊನೆಯ ಮಾತು ಅವರದ್ದು. ಫಲಿತಾಂಶದ ಆಸೆ ಇರುವ ನನ್ನ ಕೈಯಲ್ಲಿ ಅದು ಇರಬಾರದು.

ಹೀಗೆ ಮಧ್ಯದಲ್ಲಿ ತೆಗೆದ ಇಲಿಗಳ ಸಂಖ್ಯೆ ಮತ್ತು ಕಾರಣ ವರದಿಯಲ್ಲಿ ಬರುತ್ತದೆ. ಔಷಧ ಏನೂ ಮಾಡಲಿಲ್ಲ ಎಂದಾದರೂ ಬರೆದು ಕಳಿಸುತ್ತೇನೆ. ಅದು ಡ್ರಾಯರ್‌ನಲ್ಲೇ ಉಳಿದರೆ ಬೇರೆ ಲ್ಯಾಬಿನವರು ಅದೇ ಪ್ರಶ್ನೆಗೆ ಮತ್ತೆ ಅಷ್ಟೇ ಇಲಿ ತರಿಸುತ್ತಾರೆ.