ಸಲಮಾಂಡರ್ ಇಲ್ಲದ ಊರಲ್ಲಿ ಸಲಮಾಂಡರ್ ಪಾಠ

ಮಂಡ್ಯದ ಸುತ್ತ ಕಪ್ಪೆಗೇನೂ ಬರವಿಲ್ಲ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿದರೆ ಸಾಕು, ರಾತ್ರಿಯೆಲ್ಲಾ ವಟವಟ. ಕಪ್ಪೆಯ ಬಾಲವಿರುವ ನೆಂಟ ಸಲಮಾಂಡರ್ ಮಾತ್ರ ಇಲ್ಲಿ ಸಿಗುವುದಿಲ್ಲ. ನಮ್ಮ ದೇಶದಲ್ಲಿ ಅದನ್ನು ನೋಡಬೇಕೆಂದರೆ ಡಾರ್ಜಿಲಿಂಗ್ ಇಲ್ಲವೇ ಈಶಾನ್ಯ ರಾಜ್ಯಗಳ ಬೆಟ್ಟಗಳಿಗೇ ಹೋಗಬೇಕು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಅದರ ಚಿತ್ರ ತೋರಿಸಿದರೆ ಮಕ್ಕಳು, "ಸಾರ್, ಇದು ಹಾವುರಾಣಿ ಅಲ್ವಾ?" ಎನ್ನುತ್ತಾರೆ. ನೋಡಲು ಹಾಗೇ ಇದೆ: ಉದ್ದ ಮೈ, ಬಾಲ, ನಾಲ್ಕು ಗಿಡ್ಡ ಕಾಲು. ಆದರೆ ಹಾವುರಾಣಿಯ ಮೈ ಮೇಲೆ ಒಣ ಹುರುಪೆ ಇರುತ್ತದೆ. ಸಲಮಾಂಡರ್‌ದು ಕಪ್ಪೆಯದರಂತೆ ಒದ್ದೆ ಚರ್ಮ, ಅದರಿಂದಲೂ ಉಸಿರಾಟ ನಡೆಯುತ್ತದೆ. ಶ್ವಾಸಕೋಶವೇ ಇಲ್ಲದ ಸಲಮಾಂಡರ್‌ಗಳೂ ಇವೆ! ಮೊಟ್ಟೆಗೆ ಗಟ್ಟಿ ಚಿಪ್ಪಿಲ್ಲ, ತೇವ ಇಲ್ಲದಿದ್ದರೆ ಒಣಗಿ ಹೋಗುತ್ತದೆ.

ಇಷ್ಟು ಹೇಳಿ ಗೊದಮೊಟ್ಟೆಗೆ ಬರುತ್ತೇನೆ. ನನ್ನ ಪಾಠ ನಿಜವಾಗಿ ಶುರುವಾಗುವುದೇ ಅಲ್ಲಿ. ಶಾಲೆ ಪಕ್ಕದ ಗದ್ದೆಯಿಂದ ನಾಲ್ಕಾರು ಗೊದಮೊಟ್ಟೆಗಳನ್ನು, ಅಲ್ಲಿನ ನೀರಿನ ಸಮೇತ, ಅಗಲವಾದ ಟಬ್ಬಿಗೆ ತರುತ್ತೇವೆ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ಬೇಯಿಸಿದ ಸೊಪ್ಪು ಚೂರು ಹಾಕಿದರೆ ಕೆರೆದು ತಿನ್ನುತ್ತವೆ. ಸಲಮಾಂಡರ್ ಮರಿ ಸೊಪ್ಪು ಮುಟ್ಟುವುದಿಲ್ಲ, ಹುಟ್ಟಿನಿಂದಲೇ ಬೇಟೆಗಾರ.

ಮೊದಲು ಹಿಂಗಾಲು ಕಾಣುತ್ತವೆ. ಮುಂಗಾಲು ಎಲ್ಲಿ ಎಂದು ಮಕ್ಕಳು ಹುಡುಕುತ್ತಾರೆ. ಅವೂ ಬೆಳೆಯುತ್ತಿರುತ್ತವೆ, ಆದರೆ ಕಿವಿರು ಮುಚ್ಚಿದ ಚರ್ಮದ ಒಳಗೆ. ಸರಿಯಾಗಿ ನೋಡಿದರೆ ಮೊಣಕೈ ಉಬ್ಬಿಕೊಂಡಿರುವುದು ಗೊತ್ತಾಗುತ್ತದೆ. ಒಂದು ದಿನ ಚರ್ಮ ಸೀಳಿ ಕೈ ಹೊರಗೆ! ಆಮೇಲೆ ಮರಿ ಊಟ ಬಿಡುತ್ತದೆ, ಬಾಲವನ್ನೇ ಕರಗಿಸಿಕೊಂಡು ಬದುಕುತ್ತದೆ. ಆಗ ಟಬ್ಬಿನಲ್ಲಿ ಇಳಿಜಾರಾಗಿ ಒಂದು ಕಲ್ಲು ಇಡಲೇಬೇಕು, ಇಲ್ಲದಿದ್ದರೆ ಮುಳುಗಿ ಸಾಯುತ್ತದೆ. ಬಾಲ ಪೂರ್ತಿ ಹೋದ ಮೇಲೆ ತಂದ ಗದ್ದೆಗೇ ವಾಪಸ್. ಬೇರೆ ಕೆರೆಗೆ ಬಿಟ್ಟರೆ ರೋಗ ಹರಡಬಹುದು.

ನಾಲ್ಕು ಕಾಲೂ ಬಾಲವೂ ಒಟ್ಟಿಗಿರುವ ಆ ಕೆಲವು ದಿನ ಕಪ್ಪೆ ಮರಿ ಹೆಚ್ಚುಕಮ್ಮಿ ಸಲಮಾಂಡರ್ ತರಹವೇ ಕಾಣುತ್ತದೆ. ಆಗಲೇ ಫೋನಿನಲ್ಲಿ ಸಲಮಾಂಡರ್ ಮರಿಯ ವಿಡಿಯೋ ಹಾಕುತ್ತೇನೆ. ಅದರ ಕಿವಿರು ಗರಿಯಂತೆ ಕತ್ತಿನ ಹೊರಗೇ ಇರುತ್ತವೆ, ಮುಂಗಾಲು ಮೊದಲು ಬರುತ್ತವೆ, ಬಾಲ ಕೊನೆಯವರೆಗೂ ಉಳಿಯುತ್ತದೆ. ಮೆಕ್ಸಿಕೋದ ಆಕ್ಸೊಲಾಟಲ್ ಎಂಬ ಸಲಮಾಂಡರ್ ಅಂತೂ ಸಾಮಾನ್ಯವಾಗಿ ಕಿವಿರನ್ನೂ ಬಿಡದೆ ನೀರಲ್ಲೇ ಜೀವನ ಕಳೆಯುತ್ತದೆ. ಸಲಮಾಂಡರ್ ಕಾಲು ತುಂಡಾದರೆ ಮೂಳೆ ಸಮೇತ ಮತ್ತೆ ಬೆಳೆಯುತ್ತದೆ ಎಂದಾಗ ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ. ದೊಡ್ಡ ಕಪ್ಪೆಗೆ ಆ ಶಕ್ತಿ ಇಲ್ಲ.

ಪರೀಕ್ಷೆಗೆ "ವ್ಯತ್ಯಾಸ ಬರೆಯಿರಿ" ಎಂದರೆ ಬಾಲ ಇದೆ, ಬಾಲ ಇಲ್ಲ ಎಂದು ಸುಮ್ನೆ ಬರೆದುಬಿಡುತ್ತಾರೆ. ಅದಕ್ಕೇ ನಾನು ಟೆಸ್ಟಿನಲ್ಲಿ ಹೀಗೆ ಕೇಳುತ್ತೇನೆ: ಬಾಲವಿದೆ, ಮುಂದಿನ ಎರಡು ಕಾಲಷ್ಟೇ ಬಂದಿವೆ, ಕಿವಿರು ಹೊರಗಿವೆ. ಇದು ಯಾವುದರ ಮರಿ?